ಸೋರುವ ಗಾಜಿನ ಮೀನು ತೊಟ್ಟಿ: ರಕ್ಷಣೆ ಮತ್ತು ದುರಸ್ತಿ

ಗಾಜಿನ ಮೀನು ತೊಟ್ಟಿ ಇಂದು ಪೇಟೆಯ ಮನೆಗಳಿಗಷ್ಟೇ ಮೀಸಲಲ್ಲ. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂತಹ ಅಡಿಕೆ ಸೀಮೆಯ ಊರುಗಳಲ್ಲೂ ಮಕ್ಕಳ ಆಸೆಗೆ ಪಡಸಾಲೆಯಲ್ಲಿ ಇಂತಹ ತೊಟ್ಟಿ ಇಡುವುದುಂಟು. ಒಂದು ಬೆಳಿಗ್ಗೆ ಅದರ ಕೆಳಗೆ ನೆಲ ಒದ್ದೆಯಾಗಿದ್ದರೆ ಸಾಮಾನ್ಯವಾಗಿ ಜನ ಮೊದಲು ಅಂಟು ಹುಡುಕಲು ಹೊರಡುತ್ತಾರೆ. ಇದು ಸರಿಯಲ್ಲ. ಮೊದಲು ವಿದ್ಯುತ್ ಸಂಪರ್ಕ ತೆಗೆಯಬೇಕು. ಗಾಳಿಯ ಪಂಪು, ದೀಪ, ಶೋಧಕ ಇವೆಲ್ಲವನ್ನೂ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ, ಒಣಗಿದ ಕೈಯಿಂದ ಪ್ಲಗ್ಗು ಕಿತ್ತ ನಂತರವೇ ನೀರಿಗೆ ಕೈ ಹಾಕಬೇಕು.

ಎರಡನೆಯ ಕೆಲಸ ನೀರು ಇಳಿಸುವುದು. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 40 ಸೆಂ.ಮೀ. ನೀರು ನಿಂತರೆ ಅದು ಸುಮಾರು 160 ಲೀಟರ್. ಉದ್ದನೆಯ ಗಾಜನ್ನು ಈ ನೀರು ಸುಮಾರು 72 ಕಿಲೋಗ್ರಾಂ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ನೀರನ್ನು 20 ಸೆಂ.ಮೀ.ಗೆ ಇಳಿಸಿದರೆ ಈ ಬಲ 18 ಕಿಲೋಗ್ರಾಂಗೆ ಇಳಿಯುತ್ತದೆ. ಅಂದರೆ ನೀರು ಅರ್ಧವಾದರೆ ತಳ್ಳುವ ಬಲ ಕಾಲುಭಾಗವಾಗುತ್ತದೆ. ಕೆರೆಯ ಏರಿಯನ್ನು ಬುಡದಲ್ಲಿ ಅಗಲವಾಗಿ ಕಟ್ಟುವ ಕಾರಣವನ್ನು ಬಲ್ಲ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಳಿಸಿದ ನೀರನ್ನು ಚೆಲ್ಲಬಾರದು. ಮೀನುಗಳಿಗೆ ಒಗ್ಗಿದ ನೀರು ಅದೇ. ಅದನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ತುಂಬಿ ಮೀನುಗಳನ್ನು ಅದಕ್ಕೆ ಬಿಡಬೇಕು. ಪಾತ್ರೆಯ ಆಯ್ಕೆಯಲ್ಲಿ ಅಡಿಕೆ ಬೆಳೆಗಾರರು ವಿಶೇಷ ಎಚ್ಚರ ವಹಿಸಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ಎಷ್ಟು ತೊಳೆದರೂ ಈ ಕೆಲಸಕ್ಕೆ ಬೇಡ. ಅದರಲ್ಲಿರುವ ಮೈಲುತುತ್ತದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೀನಿಗೆ ವಿಷ. ಬಚ್ಚಲಮನೆಯ ತಾಮ್ರದ ಹಂಡೆಯೂ ಬೇಡ. ಕೀಟನಾಶಕದ ಡಬ್ಬಿಗಳ ಮಾತಂತೂ ಎತ್ತಲೇಬಾರದು. ಹೊಸದಾಗಿ ಗಾರೆ ಮಾಡಿದ ದನದ ಬಾನಿಯಲ್ಲಿ ಸಿಮೆಂಟಿನ ಕ್ಷಾರ ನೀರಿಗೆ ಬಿಡುವುದರಿಂದ ಅದೂ ಸಲ್ಲದು.

ಹಳೆಯ ನೀರು ಸಾಲದಿದ್ದರೆ ಕೊಳವೆಬಾವಿಯ ನೀರನ್ನು ನೇರವಾಗಿ ಸುರಿಯಬಾರದು. ಆಗತಾನೇ ಮೇಲೆ ಬಂದ ಆ ನೀರಿನಲ್ಲಿ ಪ್ರಾಣವಾಯು ಕಡಿಮೆ. ಒಂದು ರಾತ್ರಿ ತೆರೆದಿಟ್ಟು, ಚೊಂಬಿನಿಂದ ಎತ್ತಿ ಸುರಿದು, ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು. ಶೋಧಕದ ಸ್ಪಂಜನ್ನು ಒಣಗಲು ಬಿಡದೆ ಹಳೆಯ ನೀರಿನಲ್ಲೇ ಇಟ್ಟು, ಪಂಪಿನ ಗಾಳಿ ಕೊಡಬೇಕು. ಮೀನಿನ ಹೊಲಸನ್ನು ಶುದ್ಧಮಾಡುವ ಸೂಕ್ಷ್ಮಜೀವಿಗಳು ಇರುವುದು ಅದರಲ್ಲಿಯೇ. ಒಂದೆರಡು ದಿನ ಆಹಾರ ಹಾಕದಿದ್ದರೆ ಬೆಳೆದ ಮೀನಿಗೆ ತೊಂದರೆಯಿಲ್ಲ. ಹಾಕಿದರೆ ಟಬ್ಬಿನ ನೀರು ಕೆಡುತ್ತದೆ. ಮೇಲೆ ಬಲೆ ಮುಚ್ಚುವುದನ್ನು ಮರೆಯಬಾರದು. ಮೀನು ಹಾರುತ್ತದೆ, ಬೆಕ್ಕು ಕಾಯುತ್ತದೆ.

ಇನ್ನು ಸೋರಿಕೆಯ ಜಾಗ. ತೊಟ್ಟಿಯ ಹೊರಮೈ ಒರೆಸಿ, ಸುತ್ತ ಹಳೆಯ ಪತ್ರಿಕೆ ಹಾಸಿದರೆ ಯಾವ ಮೂಲೆ ಮೊದಲು ನೆನೆಯುವುದೆಂದು ತಿಳಿಯುತ್ತದೆ. ನೀರು ಇಳಿಯುತ್ತಾ ಒಂದು ಮಟ್ಟದಲ್ಲಿ ನಿಂತುಬಿಟ್ಟರೆ ಸೋರಿಕೆ ಆ ಮಟ್ಟದಲ್ಲಿಯೇ ಇದೆ.

ಸೋರಿಕೆ ಗಾಜುಗಳ ಕೂಡುಸಂದಿನಲ್ಲಿದ್ದರೆ ದುರಸ್ತಿ ಸಾಧ್ಯ. ತೊಟ್ಟಿ ಬರಿದುಮಾಡಿ ಒಣಗಿಸಿ, ಒಳಮೂಲೆಯ ಹಳೆಯ ಸಿಲಿಕೋನ್ ಅಂಟನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಸ್ಪಿರಿಟ್ಟಿನಿಂದ ಒರೆಸಬೇಕು. ಹೊಸ ಸಿಲಿಕೋನು ಹಳೆಯದಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಆದುದರಿಂದ ಸೋರುವ ಕಡೆ ಮಾತ್ರ ತೇಪೆ ಹಾಕುವುದು ದಂಡ. ಅಂಟನ್ನು ಒಳಗಿನಿಂದಲೇ ಹಚ್ಚಬೇಕು. ಒಳಗೆ ಹಚ್ಚಿದ್ದನ್ನು ನೀರು ಸಂದಿಗೆ ಒತ್ತುತ್ತದೆ, ಹೊರಗೆ ಹಚ್ಚಿದ್ದನ್ನು ಕಿತ್ತು ತಳ್ಳುತ್ತದೆ. ಬಚ್ಚಲಿಗೆಂದು ಮಾರುವ ಬೂಷ್ಟುನಿರೋಧಕ ಬೆರೆಸಿದ ಸಿಲಿಕೋನು ಮೀನಿಗೆ ಅಪಾಯಕಾರಿ. ಮೀನು ತೊಟ್ಟಿಗೆಂದೇ ಇರುವುದನ್ನು ಕೇಳಿ ತರಬೇಕು. ಹುಳಿವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಮೂರು ದಿನ, ಡಬ್ಬಿಯ ಮೇಲೆ ಹೆಚ್ಚು ದಿನ ಹೇಳಿದ್ದರೆ ಅಷ್ಟು ದಿನ ಒಣಗಲು ಬಿಡಬೇಕು.

ಗಾಜೇ ಸೀಳಿದ್ದರೆ ಮಾತು ಬೇರೆ. ಕೂದಲೆಳೆಯ ಸೀಳಿನ ಮೇಲೆ ಅಂಟು ಬಳಿದು ನಂಬಿ ಕೂರುವಂತಿಲ್ಲ, ಸೀಳು ಬೆಳೆಯುತ್ತದೆ. ಪಕ್ಕದ ಗಾಜಾದರೆ ಅಷ್ಟೇ ದಪ್ಪದ ಹೊಸ ಗಾಜು ಕೂರಿಸಬಹುದು. ತಳದ ಗಾಜು ಸೀಳಿದ್ದರೆ ಹೊಸ ತೊಟ್ಟಿ ಕೊಳ್ಳುವುದೇ ಲೇಸು.

ತಳ ಸೀಳಲು ಹೆಚ್ಚಾಗಿ ಕಾರಣ ಮೇಜಿನ ಓರೆ ಅಥವಾ ಅಡಿಯಲ್ಲಿ ಸಿಕ್ಕ ಒಂದು ಹರಳು. ಮೇಜನ್ನು ಗಾರೆಯವರ ಮಟ್ಟಗೋಲಿನಿಂದ ನೋಡಿ, ಥರ್ಮೋಕೋಲ್ ಹಾಸಿ ತೊಟ್ಟಿ ಇಡಬೇಕು. ನೀರು ತುಂಬಿದಾಗ ನಾಲ್ಕೂ ಮೂಲೆಗಳಲ್ಲಿ ಅಂಚಿನಿಂದ ನೀರಿನವರೆಗೆ ಅಳೆದರೆ ಓರೆ ಗೊತ್ತಾಗುತ್ತದೆ. ನೀರಿರುವ ತೊಟ್ಟಿಯನ್ನು ಎಂದೂ ಸರಿಸಬಾರದು. ದುರಸ್ತಿಯಾದ ತೊಟ್ಟಿಗೆ ಮೊದಲ ದಿನ ಅರ್ಧ, ಮರುದಿನ ಪೂರ್ತಿ ನೀರು ತುಂಬಿ, ಇನ್ನೂ ಒಂದು ದಿನ ಕೆಳಗಿನ ಪತ್ರಿಕೆ ಒಣಗಿದ್ದರೆ ಮೀನು ಬಿಡಬಹುದು.

ತೊಟ್ಟಿಯ ಗೊಡವೆಯೇ ಸಾಕೆನಿಸಿದವರು ಮೀನುಗಳನ್ನು ಸಾಕುವ ಬೇರೆಯವರಿಗೆ ಕೊಡಬೇಕು. ಶಾಂತಿಸಾಗರಕ್ಕಾಗಲಿ, ಭದ್ರಾ ನಾಲೆಗಾಗಲಿ, ತೋಟದ ಹೊಂಡಕ್ಕಾಗಲಿ ಬಿಡಬಾರದು. ಗಾಜಿಗೆ ಕಚ್ಚಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಮನೆಯ ತೊಟ್ಟಿಗಳಿಂದ ಹೊರಬಿದ್ದು ಅದು ದೇಶದ ಹಲವು ಕೆರೆ ನದಿಗಳಲ್ಲಿ ಈಗಾಗಲೇ ನೆಲೆಯೂರಿದೆ. ಮೀನುಗಾರರ ಬಲೆ ಹರಿಯುವ ಅದರ ಗಡಸು ಮುಳ್ಳಿನ ಮೈಗೆ ಮಾರುಕಟ್ಟೆಯಲ್ಲಿ ಬೆಲೆಯೂ ಇಲ್ಲ.