ಕೆಳದವಡೆಗೆ ಖರ್ಚು ಮಾಡಿ

ಅಪ್ಪ ಅಮ್ಮನಿಗೆ ಹಲ್ಲು ಕಟ್ಟಿಸಬೇಕೆಂದು ಹೊರಟಿರುವ ಮಕ್ಕಳಿಗೆ ಒಂದೆರಡು ಮಾತು ಹೇಳಬೇಕಿದೆ. ನಿಮ್ಮಲ್ಲಿ ಬಹಳ ಮಂದಿ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುವವರು. ಕೈಯಲ್ಲಿ ನಾಲ್ಕು ಕಾಸು ಸೇರುತ್ತಿದ್ದಂತೆ ಮನೆಯ ಹಿರಿಯರ ಬೊಚ್ಚುಬಾಯಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಅದೇ ಹೊತ್ತಿಗೆ ಮೊಬೈಲಿನಲ್ಲಿ ‘ಮೂರೇ ದಿನದಲ್ಲಿ ಫಿಕ್ಸೆಡ್ ಹಲ್ಲು’ ಎಂಬ ಜಾಹೀರಾತೂ ಬರುತ್ತದೆ. ‘ನಮ್ಮಪ್ಪನಿಗೆ ತೆಗೆದು ಹಾಕುವ ಸೆಟ್ಟು ಬೇಡ, ಸಾಲವಾದರೂ ಸರಿ ಇಂಪ್ಲಾಂಟೇ ಆಗಲಿ’ ಎಂದು ತೀರ್ಮಾನಿಸಿಬಿಡುತ್ತೀರಿ. ಆ ಪ್ರೀತಿಗೆ ಕೈಮುಗಿಯುತ್ತೇನೆ. ಆದರೆ ತೀರ್ಮಾನಕ್ಕೆ ಬರುವ ಮೊದಲು ಅಪ್ಪನ ಬಾಯೊಳಗೆ ಏನಿದೆ, ಮೈಯಲ್ಲಿ ಏನಿದೆ ಎಂದು ಸ್ವಲ್ಪ ನೋಡಬೇಕು.

ನಮ್ಮ ಊರಾದ ಕೆಜಿಎಫ್‌ನಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಗ ನಲವತ್ತರ ಆಸುಪಾಸಿನಲ್ಲಿದ್ದ ಗಣಿ ಕಾರ್ಮಿಕರು ಈಗ ಅರವತ್ತೈದು ದಾಟುತ್ತಿದ್ದಾರೆ. ಸಂಬಳದ ಜೊತೆಗೆ ಕಂಪನಿ ಆಸ್ಪತ್ರೆಯ ಆಸರೆಯೂ ತಪ್ಪಿದ ಮೇಲೆ, ಹಲ್ಲು ನೋವು ಬಂದರೆ ಕೀಳಿಸಿಕೊಂಡು ಬರುವುದೇ ಚಿಕಿತ್ಸೆಯಾಯಿತು. ಹುಳುಕು ತುಂಬಿಸಲು, ಬೇರಿನ ಚಿಕಿತ್ಸೆ ಮಾಡಿಸಲು ಯಾರ ಬಳಿ ದುಡ್ಡಿತ್ತು? ಇಪ್ಪತ್ತು ವರ್ಷ ಹೀಗೆ ಒಂದೊಂದೇ ಉದುರಿ ಖಾಲಿಯಾದ ಬಾಯಿಗಳು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳಲ್ಲಿ ಬೇಕಾದಷ್ಟಿವೆ.

ನಮ್ಮ ಕಡೆ ಇನ್ನೊಂದು ಕಷ್ಟವಿದೆ. ಹಿರಿಯರ ಹಲ್ಲು ಹೋದದ್ದು ಊಟದಲ್ಲಿ ಬೇಗ ಗೊತ್ತಾಗುವುದಿಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹೊಟ್ಟೆ ತುಂಬಿತು, ಸರಿಯಾಗಿದ್ದಾರೆ ಎಂದುಕೊಳ್ಳುತ್ತೇವೆ. ಒಂದು ದಿನ ಪಕ್ಕದಲ್ಲೇ ಕುಳಿತು ತಟ್ಟೆ ನೋಡಿ. ಅವರೆಕಾಳು ತಟ್ಟೆಯ ಅಂಚಿಗೆ ಸರಿದಿರುತ್ತದೆ. ಸೊಪ್ಪಿನ ದಂಟು ಹಾಗೇ ಉಳಿದಿರುತ್ತದೆ. ಕೋಳಿಯ ತುಂಡು ‘ನೀನು ತಿನ್ನು ಮಗಾ’ ಎಂದು ಮೊಮ್ಮಗನ ತಟ್ಟೆಗೆ ಹೋಗಿರುತ್ತದೆ. ಕಾಳು, ಸೊಪ್ಪು, ಮಾಂಸ, ಹಣ್ಣು ಎಲ್ಲ ಬಿಟ್ಟು ಬರೀ ಮುದ್ದೆ, ಅನ್ನ, ತಿಳಿಸಾರಿನಲ್ಲಿ ಬದುಕುವವರಿಗೆ ರಟ್ಟೆ ಸೊರಗುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಹತೋಟಿ ತಪ್ಪುತ್ತದೆ. ಹಲ್ಲು ಕಟ್ಟಿಸುವುದು ಚೆಂದಕ್ಕೆ ಮಾಡುವ ಖರ್ಚೆಂದು ತಿಳಿಯಬೇಡಿ, ಅದು ಅವರ ಊಟದ ವಿಷಯ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಸೆಟ್ಟೋ ಇಂಪ್ಲಾಂಟೋ ಎಂದು ಇಡೀ ಬಾಯಿಗೆ ಒಂದೇ ಪ್ರಶ್ನೆ ಕೇಳಬೇಡಿ. ಮೇಲಿನ ದವಡೆಯ ಕಥೆ ಬೇರೆ, ಕೆಳಗಿನದರ ಕಥೆ ಬೇರೆ.

ಮೇಲಿನ ಸೆಟ್ಟು ಇಡೀ ಅಂಗುಳನ್ನು ಮುಚ್ಚುತ್ತದೆ. ಅಂಗುಳಿಗೂ ಸೆಟ್ಟಿಗೂ ನಡುವೆ ತೆಳ್ಳಗೆ ಹರಡಿದ ಎಂಜಲೇ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಳ್ಳೆಯ ವೈದ್ಯರು ಅಳತೆ ಸರಿಯಾಗಿ ತೆಗೆದಿದ್ದರೆ ಹೆಚ್ಚಿನವರು ಕೆಲವು ವಾರಗಳಲ್ಲಿ ಅದಕ್ಕೆ ಹೊಂದಿಕೊಳ್ಳುತ್ತಾರೆ. ಕೆಳಗಿನದಕ್ಕೆ ಆ ಅನುಕೂಲವಿಲ್ಲ. ಅದು ಲಾಳದ ಆಕಾರದ ಕಿರಿದಾದ ಪಟ್ಟಿ. ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ಅದನ್ನು ತಳ್ಳುತ್ತಲೇ ಇರುತ್ತವೆ. ಸಾಲದ್ದಕ್ಕೆ ಹಲ್ಲು ಹೋದ ಜಾಗದ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಸೆಟ್ಟು ಹಾಕಿದವರನ್ನು ಹಲವು ವರ್ಷ ಹಿಂಬಾಲಿಸಿ ಅಳೆದು ನೋಡಿದವರು, ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆಂದು 1972ರಲ್ಲೇ ಹೇಳಿದ್ದಾರೆ. ಸೆಟ್ಟು ಕೂರಲು ದಿಬ್ಬವೇ ಉಳಿಯುವುದಿಲ್ಲ.

ನನ್ನ ಬಂಧುವೊಬ್ಬರು, ಬಂಗಾರಪೇಟೆಯ ಹಿರಿಯ ಹೆಂಗಸು, ಕೆಳಗಿನ ಸೆಟ್ಟನ್ನು ಮದುವೆ ಮನೆಗೆ ಮಾತ್ರ ಹಾಕಿಕೊಳ್ಳುತ್ತಿದ್ದರು. ಫೋಟೊ ಮುಗಿದು ಎಲೆಯ ಮುಂದೆ ಕುಳಿತ ಕೂಡಲೇ ಸೆರಗು ಮರೆ ಮಾಡಿ ತೆಗೆದು ಕರ್ಚೀಫಿನಲ್ಲಿ ಸುತ್ತಿಡುತ್ತಿದ್ದರು. ಹಲ್ಲಿದ್ದದ್ದು ನಗುವುದಕ್ಕೆ, ಉಣ್ಣುವುದು ಒಸಡಿನಲ್ಲೇ. ಇದು ಅವರೊಬ್ಬರ ಪಾಡಲ್ಲ. ಮೇಲಿನ ಸೆಟ್ಟು ಬಾಯಲ್ಲಿ, ಕೆಳಗಿನದು ಗೂಡಿನಲ್ಲಿ ಇರುವ ಮನೆಗಳು ನಿಮ್ಮ ಬೀದಿಯಲ್ಲೇ ಸಿಗುತ್ತವೆ.

ಇಂಪ್ಲಾಂಟ್ ಎಂದರೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. ನಮ್ಮ ಊರು ನೂರಿಪ್ಪತ್ತು ವರ್ಷ ಅಗೆದು ತೆಗೆದ ಚಿನ್ನ ಹಲ್ಲಿನ ಮೇಲೆ ಟೊಪ್ಪಿಗೆಯಾಗಿ ಬಹುಕಾಲ ಬಾಳುತ್ತದೆ, ಆದರೆ ಮೂಳೆಗೆ ಅದು ಬೆಸೆಯುವುದಿಲ್ಲ. ಟೈಟಾನಿಯಂ ಬೆಸೆಯುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಇಟ್ಟಿದ್ದ ಟೈಟಾನಿಯಂ ತುಂಡನ್ನು ತೆಗೆಯಲು ಹೋದಾಗ ಅದು ಬರಲೇ ಇಲ್ಲ, ಮೂಳೆ ಅದನ್ನು ತನ್ನದೆಂದು ಹಿಡಿದುಕೊಂಡಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬ, ದವಡೆಯ ತೊಂದರೆಯಿಂದ ನರಳುತ್ತಿದ್ದ ವ್ಯಕ್ತಿಗೆ ಮೊದಲ ಬಾರಿ ಅಂಥ ತಿರುಪುಗಳನ್ನು ಕೂರಿಸಿದರು. 2006ರಲ್ಲಿ ಆತ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಚಿಕಿತ್ಸೆ ಗಟ್ಟಿಯಾದದ್ದೇ, ಅನುಮಾನ ಬೇಡ. ಆದರೆ ಮೂಳೆ ಬೆಸೆಯಲು ಮೂರರಿಂದ ಆರು ತಿಂಗಳು ಹಿಡಿಯುವುದು ವಾಡಿಕೆ. ಕೆಲವರ ಮೂಳೆ ಗಟ್ಟಿಯಿದ್ದು ಬೇಗ ಹಲ್ಲು ಕೂರಿಸಬಹುದು. ಅದನ್ನು ಹೇಳಬೇಕಾದವರು ಸ್ಕ್ಯಾನ್ ನೋಡಿದ ವೈದ್ಯರು.

ಹಾಗಾದರೆ ಕೆಳದವಡೆಗೆ ಏನು ಮಾಡಬೇಕು? 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲೇ ಇಲ್ಲದ ಕೆಳದವಡೆಗೆ ಮೊದಲ ಆಯ್ಕೆ ಎಂದರೆ ಎರಡು ಇಂಪ್ಲಾಂಟ್, ಅವುಗಳ ಮೇಲೆ ಕೂರುವ ಸೆಟ್ಟು ಎಂದು ಒಮ್ಮತಕ್ಕೆ ಬಂದರು. ಗದ್ದದ ಎರಡು ಬದಿಗೆ ಒಂದೊಂದು ತಿರುಪು. ಸೆಟ್ಟಿನ ಒಳಮೈಯಲ್ಲಿ ಅದಕ್ಕೆ ಸರಿಯಾದ ಗುಳಿ. ರವಿಕೆಯ ಟಿಚ್ ಬಟನ್ ಹಾಗೆ ಟಕ್ಕೆಂದು ಕೂರುತ್ತದೆ, ಬೇಕಾದಾಗ ಎಳೆದರೆ ಬರುತ್ತದೆ. ಮಾತಾಡುವಾಗ ಏಳುವುದಿಲ್ಲ, ಅವರೆಕಾಳು ಅಗಿದರೆ ಜಾರುವುದಿಲ್ಲ. ಗದ್ದದ ಭಾಗದಲ್ಲಿ ಸಾಮಾನ್ಯವಾಗಿ ಮುದುಕರಲ್ಲೂ ಮೂಳೆ ಉಳಿದಿರುತ್ತದೆ, ತುಟಿ ಮರಗಟ್ಟಿಸುವ ದೊಡ್ಡ ನರವೂ ಅಲ್ಲಿಂದ ಹಿಂದಕ್ಕಿರುತ್ತದೆ. ಇಡೀ ದವಡೆಗೆ ತೆಗೆಯಲಾಗದ ಹಲ್ಲು ಬೇಕೆಂದರೆ ಕೆಳಗೆ ನಾಲ್ಕೋ ಐದೋ, ಮೇಲೆ ಇನ್ನೂ ಹೆಚ್ಚು ತಿರುಪು ಬೇಕು, ಖರ್ಚು ಲಕ್ಷಗಳಲ್ಲಿ ಏರುತ್ತದೆ. ಅಷ್ಟು ಅನುಕೂಲವಿದ್ದವರು ಮಾಡಿಸಲಿ. ಸಾಲ ಮಾಡಿ ತಿಂಗಳ ಕಂತು ಕಟ್ಟುವ ಮನೆಗೆ ನನ್ನ ಮಾತು ಇಷ್ಟೇ: ಮೇಲಕ್ಕೆ ಸೆಟ್ಟು ಸಾಕು, ಕೂಡಿಟ್ಟ ದುಡ್ಡನ್ನು ಕೆಳಗಿನ ಎರಡು ತಿರುಪಿಗೆ ಹಾಕಿ.

ತಿರುಪು ಹಾಕಿಸಲು ವಯಸ್ಸು ಅಡ್ಡಿಯಲ್ಲ, ಎಂಬತ್ತರಲ್ಲೂ ಹಾಕಿಸಿಕೊಂಡವರಿದ್ದಾರೆ. ಅಡ್ಡಿಯಾಗುವುದು ಬೇರೆ ಸಂಗತಿಗಳು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯುವುದಿಲ್ಲ, ಮೂಳೆ ಬೆಸೆಯುವುದಿಲ್ಲ. ಮೊದಲು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿ. ಬೀಡಿ ಸೇದುವವರಲ್ಲಿ ಇಂಪ್ಲಾಂಟ್ ಕೈಕೊಡುವ ಸಂಭವ ಸೇದದವರ ಸುಮಾರು ಎರಡರಷ್ಟು. ವರ್ಷಗಟ್ಟಲೆ ಗುಟ್ಕಾ ಹಾಕಿ ಬಾಯಿ ಎರಡು ಬೆರಳಷ್ಟೂ ತೆರೆಯದವರಿಗೆ ಸೆಟ್ಟಿನ ಅಳತೆ ತೆಗೆಯುವುದೂ ಕಷ್ಟ. ಅವರನ್ನು ಮೊದಲು ಆ ಕಾಯಿಲೆಗೆ ತೋರಿಸಬೇಕು, ಅದು ಕ್ಯಾನ್ಸರಿಗೆ ತಿರುಗಬಲ್ಲದು. ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವ ಅಮ್ಮಂದಿರು ಅದನ್ನು ಹಲ್ಲಿನ ವೈದ್ಯರಿಗೆ ಹೇಳಲೇಬೇಕು. ಆ ಔಷಧಿಯಿಂದ ದವಡೆಯ ಗಾಯ ಮಾಯದೆ ಮೂಳೆ ಕೊಳೆಯುವುದುಂಟು. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹಲ್ಲಿಗೆಂದು ತಾವೇ ನಿಲ್ಲಿಸಬಾರದು.

ನಮ್ಮ ಊರಿನವರೇ ನೆನಪಿಡಬೇಕಾದ್ದು ಇನ್ನೊಂದಿದೆ. ಗಣಿಯ ಕಲ್ಲುಧೂಳು ಕುಡಿದು ಸಿಲಿಕೋಸಿಸ್ ಆದವರಿಗೆ ಅಂಗಾತ ಮಲಗಿದರೆ ಉಸಿರು ಕಟ್ಟಬಹುದು. ಕುರ್ಚಿಯನ್ನು ಪೂರ್ತಿ ಒರಗಿಸಿ ಗಂಟೆಗಟ್ಟಲೆ ಬಾಯಿ ತೆರೆಸುವ ಚಿಕಿತ್ಸೆ ಅಂಥವರಿಗೆ ಹಿಂಸೆ. ಅಪ್ಪ ಭೂಮಿಯೊಳಗೆ ದುಡಿದವರಾಗಿದ್ದರೆ ಈ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಇಂಪ್ಲಾಂಟ್ ಹಾಕಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸುತ್ತ ಕೊಳೆ ನಿಂತರೆ ಒಸಡು ಬಾತು, ತಿರುಪನ್ನು ಹಿಡಿದ ಮೂಳೆ ಕರಗುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸಬೇಕು. ಚಿಕಿತ್ಸಾಲಯ ಬೆಂಗಳೂರಿನ ಇನ್ನೊಂದು ತುದಿಯಲ್ಲಿದ್ದರೆ ಮಂಡಿ ನೋವಿನ ಅಮ್ಮ ರೈಲು, ಬಸ್ಸು ಬದಲಿಸಿ ಎಷ್ಟು ಸಲ ಹೋದಾರು? ಹಾಕಿದ ಇಂಪ್ಲಾಂಟಿನ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆದು ಜೋಪಾನ ಮಾಡಿ. ನಾಳೆ ಬೇರೆ ವೈದ್ಯರು ರಿಪೇರಿ ಮಾಡಬೇಕಾದರೆ ಅದಿಲ್ಲದೆ ಕೈ ಓಡುವುದಿಲ್ಲ.

ದುಡ್ಡೇ ಇಲ್ಲದ ಮನೆಯವರು ಸುಮ್ಮನೆ ಕೂರಬೇಡಿ. ಬೆಮೆಲ್ ನಗರದಲ್ಲೇ ಕೆಜಿಎಫ್ ದಂತ ವೈದ್ಯಕೀಯ ಕಾಲೇಜಿದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರೇ ಕೆಲಸ ಮಾಡುತ್ತಾರೆ. ನಾಲ್ಕು ಸಲ ಹೆಚ್ಚು ಓಡಾಡಬೇಕಾಗಬಹುದು, ಖರ್ಚು ಖಾಸಗಿ ಚಿಕಿತ್ಸಾಲಯಕ್ಕಿಂತ ಬಹಳ ಕಡಿಮೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಲೆಂದು ರಾಜ್ಯ ಸರ್ಕಾರ 2014-15ರಲ್ಲಿ ‘ದಂತಭಾಗ್ಯ’ ಯೋಜನೆ ತಂದಿತು. ಮೊದಲು 60 ಆದವರಿಗೆ ಎಂದಿದ್ದದ್ದನ್ನು ಆಮೇಲೆ 45ಕ್ಕೆ ಇಳಿಸಿದರು. ರೇಷನ್ ಕಾರ್ಡು, ಆಧಾರ್ ಹಿಡಿದು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಈಗ ಎಲ್ಲಿ ಮಾಡಿಕೊಡುತ್ತಿದ್ದಾರೆ ಎಂದು ಕೇಳಿ.

ಸೆಟ್ಟು ಮಾಡಿಸುವಾಗ ಒಂದು ದಿನ ಮಾತ್ರ ತಪ್ಪದೆ ರಜೆ ಹಾಕಿ ಜೊತೆಗೆ ಹೋಗಿ. ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಬಾಯಲ್ಲಿಟ್ಟು ನೋಡುವ ದಿನ ಅದು. ಹಲ್ಲು ಉದ್ದವಾಯಿತು, ತುಟಿ ಉಬ್ಬಿತು, ಬಣ್ಣ ಸುಣ್ಣದಂತಿದೆ ಎಂದು ಹೇಳಿ ಬದಲಿಸಲು ಅಂದು ಅವಕಾಶವಿದೆ. ಮರುವಾರ ಮೇಣದ ಜಾಗಕ್ಕೆ ಅಕ್ರಿಲಿಕ್ ಬಂದ ಮೇಲೆ ಇಲ್ಲ. ಅಪ್ಪನ ಗಣಿ ಕಂಪನಿಯ ಗುರುತಿನ ಚೀಟಿಯಲ್ಲೋ ಹಳೆಯ ಮದುವೆ ಆಲ್ಬಮ್ಮಿನಲ್ಲೋ ಹಲ್ಲು ಕಾಣುವ ಫೋಟೊ ಇದ್ದರೆ ಒಯ್ಯಿರಿ. ಮನೆಗೆ ತಂದ ಮೇಲೆ ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡಬೇಕು, ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಪೇಸ್ಟು ಬೇಡ, ಸೋಪು ಮತ್ತು ಮೆತ್ತನೆಯ ಬ್ರಷ್ ಸಾಕು. ಸಡಿಲವಾದರೆ ಒಳಮೈಗೆ ಹೊಸ ಪದರ ಕೊಡಿಸಬಹುದು.

ಬೀದಿ ಬದಿಯಲ್ಲಿ ಕೂತು ‘ಫಿಕ್ಸೆಡ್ ಹಲ್ಲು’ ಕಟ್ಟಿಕೊಡುವವರನ್ನು ನಂಬಬೇಡಿ. ಅವರು ಪಕ್ಕದ ಒಳ್ಳೆಯ ಹಲ್ಲುಗಳಿಗೆ ತಂತಿ ಬಿಗಿದು ಮೇಲೆ ಅಕ್ರಿಲಿಕ್ ಮೆತ್ತುತ್ತಾರೆ. ತೆಗೆದು ತೊಳೆಯಲಾಗದ ಆ ಮುದ್ದೆಯ ಕೆಳಗೆ ಅನ್ನ ಕೊಳೆತು ಇದ್ದ ಹಲ್ಲೂ ಅಲ್ಲಾಡತೊಡಗುತ್ತವೆ. 1948ರ ದಂತವೈದ್ಯರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಹಲ್ಲಿನ ಚಿಕಿತ್ಸೆ ಮಾಡುವಂತಿಲ್ಲ.

ನಿಮ್ಮ ಸ್ವಂತ ಬಾಯಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಬೈಕಿನಿಂದ ಬಿದ್ದೋ ಹುಳುಕಿನಿಂದಲೋ ನಿಮಗೆ ಒಂದೇ ಹಲ್ಲು ಹೋಗಿದ್ದರೆ, ಅಕ್ಕಪಕ್ಕದ ಹಲ್ಲು ಸೊಗಸಾಗಿದ್ದರೆ, ಇಂಪ್ಲಾಂಟೇ ಒಳ್ಳೆಯದು. ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರುವ ಬ್ರಿಡ್ಜ್ ಹಾಕಲು ಆ ಎರಡು ಗಟ್ಟಿ ಹಲ್ಲನ್ನು ಅರೆಯಬೇಕಾಗುತ್ತದೆ. ತಡ ಮಾಡಬೇಡಿ. ಕಿತ್ತ ಜಾಗದ ಮೂಳೆಯ ಅಗಲ ಒಂದು ವರ್ಷದಲ್ಲಿ ಅರ್ಧಕ್ಕಿಳಿಯಬಹುದು, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ಆದರೆ ಹದಿನೈದರ ತಮ್ಮನಿಗೆ ಮಾತ್ರ ಈಗಲೇ ಹಾಕಿಸಬೇಡಿ. ದವಡೆ ಬೆಳೆಯುತ್ತದೆ, ತಿರುಪು ಬೆಳೆಯುವುದಿಲ್ಲ, ಆ ಹಲ್ಲು ಗಿಡ್ಡವಾಗಿ ಉಳಿದುಬಿಡುತ್ತದೆ. ಬೆಳವಣಿಗೆ ನಿಲ್ಲುವವರೆಗೆ ತಾತ್ಕಾಲಿಕ ಹಲ್ಲು ಸಾಕು.

ಬಂಗಾರಪೇಟೆ, ಮುಳಬಾಗಿಲು ಕಡೆಯ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುವುದು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾಗಿದೆ ಎಂದು, ಮದುವೆಗೆ ಮುಂಚೆ ಅವನ್ನು ಕೀಳಿಸಿ ಬಿಳಿಯ ಹಲ್ಲು ಕಟ್ಟಿಸಿಕೊಳ್ಳುವ ಯೋಚನೆ ಬಂದರೆ ದಯವಿಟ್ಟು ಬಿಡಿ. ಬಣ್ಣ ಕೆಟ್ಟಿರುವುದು ಮೇಲಿನ ಪದರದಲ್ಲಿ, ಬೇರು ಗಟ್ಟಿಯಾಗಿಯೇ ಇದೆ. ಕಲೆ ತಿಳಿಗೊಳಿಸಲು, ಮೇಲೆ ತೆಳ್ಳನೆಯ ಹೊದಿಕೆ ಅಂಟಿಸಲು ಉಪಾಯಗಳಿವೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕೊಡಿ, ಶಾಶ್ವತ ಹಲ್ಲುಗಳ ಪದರ ರೂಪುಗೊಳ್ಳುವುದು ಆ ವಯಸ್ಸಿನಲ್ಲಿ.

ಇನ್ನು ಹೊರಡಿ. ಹೋಗುವಾಗ ಅಪ್ಪನ ಔಷಧಿ ಚೀಟಿಗಳು, ಸಕ್ಕರೆಯ ರಿಪೋರ್ಟು ಚೀಲದಲ್ಲಿರಲಿ. ‘ನಿಮಗೆ ಏನು ತಿನ್ನಲು ಆಗುತ್ತಿಲ್ಲ?’ ಎಂದು ವೈದ್ಯರು ಕೇಳಿದಾಗ ನೀವು ಬಾಯಿ ಹಾಕಬೇಡಿ, ಅಪ್ಪನೇ ಹೇಳಲಿ.