ಮಕ್ಕಳ ವಕ್ರದಂತ: ಮೊದಲ ತಪಾಸಣೆ ಯಾವಾಗ?

‘ಹಾಲುಹಲ್ಲೆಲ್ಲ ಬಿದ್ದು ಮುಗಿಯಲಿ, ಆಮೇಲೆ ಕ್ಲಿಪ್ ಹಾಕಿಸಿದರಾಯಿತು’ ಎಂದು ಅನೇಕ ತಂದೆತಾಯಿಯರು ಹೇಳುವುದುಂಟು. ಈ ಮಾತು ಪೂರ್ತಿ ತಪ್ಪಲ್ಲ. ತಂತಿ ಕಟ್ಟಿ ಹಲ್ಲುಗಳನ್ನು ಸಾಲಿಗೆ ತರುವ ಚಿಕಿತ್ಸೆ ಬಹುಪಾಲು ಮಕ್ಕಳಲ್ಲಿ 11ರಿಂದ 14 ವರ್ಷದ ನಡುವೆ ಶುರುವಾಗುತ್ತದೆ. ಆದರೆ ಚಿಕಿತ್ಸೆಯ ವಯಸ್ಸು ಬೇರೆ, ತಪಾಸಣೆಯ ವಯಸ್ಸು ಬೇರೆ. ಕೆಲವು ತೊಂದರೆಗಳು ಮೂಳೆ ಬೆಳೆಯುತ್ತಿರುವಾಗ ಮಾತ್ರ ಸುಲಭವಾಗಿ ಸರಿಹೋಗುವಂಥವು. ಆ ಕಾಲ ದಾಟಿದರೆ ದವಡೆಯ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಮಗುವಿಗೆ 7 ವರ್ಷ ಆಗುವುದರೊಳಗೆ ಒಮ್ಮೆ ಆರ್ಥೊಡಾಂಟಿಸ್ಟ್, ಅಂದರೆ ವಕ್ರದಂತ ತಜ್ಞರಿಗೆ, ತೋರಿಸಬೇಕೆಂಬುದು ಅಮೆರಿಕದ ವಕ್ರದಂತ ತಜ್ಞರ ಸಂಘದ ಸಲಹೆ. ಈ ವಯಸ್ಸಿಗೆ ಕಾರಣವಿದೆ. ಸುಮಾರು 6 ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಇದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ ಸುಮ್ಮನಿರುವವರಿದ್ದಾರೆ. ಇದು ಜೀವಮಾನದ ಹಲ್ಲು, ಹೋದರೆ ಮತ್ತೆ ಬಾರದು. 6ರಿಂದ 8 ವರ್ಷದೊಳಗೆ ಮುಂದಿನ ಬಾಚಿಹಲ್ಲುಗಳೂ ಬದಲಾಗುತ್ತವೆ. ಹೀಗಾಗಿ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಹೇಗೆ ಕೂಡುತ್ತವೆ, ಮುಂದೆ ಬರುವ ಹಲ್ಲುಗಳಿಗೆ ಜಾಗ ಸಾಲುತ್ತದೆಯೇ ಎಂಬುದು ವೈದ್ಯರಿಗೆ ಈ ಹೊತ್ತಿಗೆ ಅಂದಾಜಾಗುತ್ತದೆ.

ಮನೆಯಲ್ಲಿಯೇ ನೀವೂ ಒಮ್ಮೆ ನೋಡಬಹುದು. ಮಗುವಿಗೆ ಹಿಂದಿನ ಹಲ್ಲುಗಳನ್ನು ಕಚ್ಚಿಕೊಂಡು ತುಟಿ ಬಿಡಿಸಲು ಹೇಳಿ. ಡಬ್ಬಿಯ ಮೇಲೆ ಮುಚ್ಚಳ ಕೂರುವಂತೆ ಮೇಲಿನ ಹಲ್ಲುಗಳು ಸುತ್ತಲೂ ಕೆಳಗಿನವುಗಳಿಗಿಂತ ಸ್ವಲ್ಪ ಹೊರಗಿರಬೇಕು. ಪಕ್ಕದಲ್ಲಿ ಕೆಳಗಿನ ಹಲ್ಲು ಹೊರಗಿದ್ದರೆ, ಅಥವಾ ಕಚ್ಚುವಾಗ ಗದ್ದ ಒಂದು ಕಡೆಗೆ ಜರುಗಿದರೆ, ಮೇಲಿನ ದವಡೆ ಕಿರಿದಾಗಿರಬಹುದು. ಅಂಗುಳಿನ ನಡುವೆ ಎರಡು ಮೂಳೆಗಳು ಕೂಡುವ ಸಂದು ಮಕ್ಕಳಲ್ಲಿ ಇನ್ನೂ ಬೆಸೆದಿರುವುದಿಲ್ಲ. ಆಗ ತಿರುಪು ಇರುವ ಉಪಕರಣ ಹಾಕಿ ಅಗಲಿಸುವುದು ಸುಲಭ. ಹರೆಯ ಕಳೆದ ಮೇಲೆ ಅಷ್ಟು ಸುಲಭವಲ್ಲ. ಕೆಳಗಿನ ಮುಂದಿನ ಹಲ್ಲುಗಳು ಮೇಲಿನವನ್ನು ದಾಟಿ ಮುಂದೆ ಬಂದಿದ್ದರಂತೂ 7 ವರ್ಷದವರೆಗೂ ಕಾಯಬೇಡಿ, ಕಂಡ ಕೂಡಲೇ ತೋರಿಸಿ.

ಹೆಬ್ಬೆರಳು ಚೀಪುವ ಅಭ್ಯಾಸ 3-4 ವರ್ಷದೊಳಗೆ ಬಿಟ್ಟರೆ ಹಲ್ಲುಗಳು ಸಾಮಾನ್ಯವಾಗಿ ತಾವೇ ಸರಿಹೋಗುತ್ತವೆ. ಶಾಶ್ವತ ಬಾಚಿಹಲ್ಲು ಬರುವ ಕಾಲಕ್ಕೂ ಮುಂದುವರಿದರೆ ಹಲ್ಲು ಉಬ್ಬುವುದು, ಮುಂದೆ ಕಚ್ಚಲು ಬಾರದಂತೆ ಸಂದಿ ಉಳಿಯುವುದು ಸಾಮಾನ್ಯ. ಬೈದು, ನೆಂಟರ ಮುಂದೆ ಹಂಗಿಸಿದರೆ ಅಭ್ಯಾಸ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು. ಸದಾ ಬಾಯಿ ತೆರೆದು ಉಸಿರಾಡುವ, ಗೊರಕೆ ಹೊಡೆಯುವ ಮಗುವನ್ನು ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

‘ಹೇಗೂ ಬೀಳುವ ಹಲ್ಲು, ಕೀಳಿಸಿಬಿಡೋಣ’ ಎನ್ನುವುದು ಇನ್ನೊಂದು ದುಬಾರಿ ಮಾತು. ಕೊನೆಯ ಹಾಲುಹಲ್ಲು ಬಾಯಲ್ಲಿ 10ರಿಂದ 12 ವರ್ಷದವರೆಗೆ ಇರಬೇಕಾದದ್ದು. ಹುಳುಕಿಗಾಗಿ ಅದನ್ನು 6-7 ವರ್ಷಕ್ಕೇ ಕಿತ್ತರೆ ಹಿಂದಿನ ಶಾಶ್ವತ ದವಡೆಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಸಾಧ್ಯವಿದ್ದಷ್ಟು ಹುಳುಕು ತುಂಬಿಸಿ ಉಳಿಸಿಕೊಳ್ಳಿ. ಕೀಳಲೇಬೇಕಾದರೆ ಜಾಗ ಕಾಯುವ ಪುಟ್ಟ ತಂತಿಯ ಉಪಕರಣ ಬೇಕೇ ಎಂದು ಕೇಳಿ.

ಹೆದರಬೇಕಿಲ್ಲದ ಸಂಗತಿಗಳೂ ಇವೆ. 7ರಿಂದ 11 ವರ್ಷದ ನಡುವೆ ಮೇಲಿನ ಎರಡು ಬಾಚಿಹಲ್ಲುಗಳ ಮಧ್ಯೆ ಸಂದು ಇರುವುದು ಸಹಜ. ಕೋರೆಹಲ್ಲು ಇಳಿದಾಗ ಅದು ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ಕೆಳಗಿನ ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸ ಹಲ್ಲು ಮೂಡಿದರೂ ಗಾಬರಿ ಬೇಡ. ಹಳೆಯದು ಬಿದ್ದ ಮೇಲೆ ನಾಲಿಗೆಯೇ ಹೊಸದನ್ನು ಮುಂದಕ್ಕೆ ತಳ್ಳುತ್ತದೆ. ಹಳೆಯದು ಅಲುಗಾಡದೆ ಗಟ್ಟಿಯಾಗಿ ನಿಂತಿದ್ದರೆ ಮಾತ್ರ ವೈದ್ಯರಿಂದ ತೆಗೆಸಬೇಕು.

10 ವರ್ಷದ ಸುಮಾರಿಗೆ ಇನ್ನೊಂದು ತಪಾಸಣೆ ಒಳ್ಳೆಯದು. ಮೇಲಿನ ಕೋರೆಹಲ್ಲಿನ ಉಬ್ಬು ಆಗ ಒಸಡಿನಲ್ಲಿ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಹಲ್ಲು ಅಂಗುಳಿನೊಳಗೆ ದಾರಿ ತಪ್ಪಿರಬಹುದು. ಎಕ್ಸ್‌ರೇ ನೋಡಿ ಸಕಾಲದಲ್ಲಿ ಹಾಲು ಕೋರೆಹಲ್ಲು ತೆಗೆದರೆ ಎಷ್ಟೋ ಸಲ ಅದು ತಾನೇ ಸರಿದಾರಿಗೆ ಬರುತ್ತದೆ.

ಬೇಗ ತೋರಿಸಿದ ಮಾತ್ರಕ್ಕೆ ಬೇಗ ಕ್ಲಿಪ್ ಹಾಕಿಸಬೇಕೆಂದಿಲ್ಲ. ಹೆಚ್ಚಿನ ಮಕ್ಕಳಿಗೆ ‘ವರ್ಷ ಬಿಟ್ಟು ಬನ್ನಿ’ ಎಂಬ ಉತ್ತರವೇ ಸರಿಯಾದದ್ದು. ಉಬ್ಬುಹಲ್ಲಿಗೆ ಚಿಕ್ಕಂದಿನಲ್ಲೇ ಒಮ್ಮೆ, ಹರೆಯದಲ್ಲಿ ಮತ್ತೊಮ್ಮೆ ಚಿಕಿತ್ಸೆ ಮಾಡಿದರೂ, ಹರೆಯದಲ್ಲಿ ಒಂದೇ ಸಲ ಮಾಡಿದರೂ ಕೊನೆಯ ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಬೇಗ ಮಾಡಿದರೆ ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವ ಸಂಭವ ಮಾತ್ರ ಕಡಿಮೆ. ಆದ್ದರಿಂದ ಯಾರಾದರೂ 8 ವರ್ಷಕ್ಕೇ ತಂತಿ ಹಾಕೋಣವೆಂದರೆ, ‘ಈಗ ಮಾಡದಿದ್ದರೆ ಏನಾಗುತ್ತದೆ?’ ಎಂದು ಸಂಕೋಚವಿಲ್ಲದೆ ಕೇಳಿ.

ಬಿ.ಡಿ.ಎಸ್. ನಂತರ ಈ ವಿಷಯದಲ್ಲೇ ಎಂ.ಡಿ.ಎಸ್. ಮಾಡಿದವರು ತಜ್ಞರು. ನಿಮ್ಮ ಊರಿನಲ್ಲಿ ಅಂಥವರಿಲ್ಲದಿದ್ದರೆ ಮೊದಲ ತಪಾಸಣೆಯನ್ನು ಸ್ಥಳೀಯ ದಂತವೈದ್ಯರಿಂದಲೇ ಮಾಡಿಸಬಹುದು. ಖರ್ಚಿನ ಚಿಂತೆಯಿದ್ದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೋ ಹತ್ತಿರದ ಬೇರೆ ದಂತ ಕಾಲೇಜಿನಲ್ಲೋ ವಿಚಾರಿಸಿ. ಹೋಗುವಾಗ ಹಳೆಯ ಎಕ್ಸ್‌ರೇ ಇದ್ದರೆ ಒಯ್ಯಿರಿ. ಮನೆತನದಲ್ಲಿ ಯಾರಿಗಾದರೂ ಕೆಳದವಡೆ ಮುಂದೆ ಬಂದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.