ಸಿಕ್ಕಾದ ದಾರವನ್ನು ಎಸೆಯಬೇಡಿ, ಅದೇ ನಿಮ್ಮ ಸಾಕ್ಷಿ

ಮದುವೆ ಸೀಸನ್ನಿಗೆ ಸರಿಯಾಗಿ ನಮ್ಮ ಅತ್ತಿಗೆ ಎಂಬ್ರಾಯ್ಡರಿ ಮಿಷನ್ ಕೊಂಡರು. ಕಾಲಿನಲ್ಲಿ ತುಳಿಯುವ ಹಳೆಯ ಹೊಲಿಗೆ ಮಿಷನ್ನಿನಲ್ಲೇ ಇಪ್ಪತ್ತು ವರ್ಷ ಊರವರ ರವಿಕೆ ಹೊಲಿದವರು ಅವರು. ಕಂತಿನ ಮೇಲೆ ತಂದ ಹೊಸ ಮಿಷನ್ ಹೊಲಿಗೆಯನ್ನೂ ಹಾಕುತ್ತದೆ, ಕಸೂತಿಯನ್ನೂ ತೆಗೆಯುತ್ತದೆ. ಮೂರನೆಯ ವಾರ, ಮದುಮಗಳೊಬ್ಬಳ ರೇಷ್ಮೆ ರವಿಕೆಯ ತೋಳಿನಲ್ಲಿ ನವಿಲು ಅರ್ಧ ಮೂಡಿದಾಗ ಮಿಷನ್ ಕಟಕಟ ಸದ್ದು ಮಾಡಿ ನಿಂತುಬಿಟ್ಟಿತು. ಬಟ್ಟೆ ಎತ್ತಲು ಹೋದರೆ ಮೇಲೆ ಬರುತ್ತಿಲ್ಲ. ಅಡಿಯಲ್ಲಿ ದಾರ ಹಕ್ಕಿಗೂಡಿನಂತೆ ಸುತ್ತಿಕೊಂಡಿತ್ತು. ಕತ್ತರಿ ಹಾಕಿ ಬಿಡಿಸುವಾಗ ರೇಷ್ಮೆಗೆ ತೂತು ಬಿತ್ತು. ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ ಒಂದೇ ಸಾಲು: "ನಿಮಗೆ ದಾರ ಹಾಕೋಕೆ ಬರಲ್ಲ ಮೇಡಂ, ಮಿಷನ್ ಸರಿಯಾಗೇ ಇದೆ."

ಇಪ್ಪತ್ತು ವರ್ಷ ಹೊಲಿದ ಕೈಗೆ ಈ ಮಾತು ಎಷ್ಟು ನೋವು ಕೊಟ್ಟಿರಬಹುದು ಎಂಬುದು ಹೊಲಿಯುವವರಿಗೆ ಗೊತ್ತು. ಆದರೆ ವಕೀಲಳಾದ ನನಗೆ ಆ ಸಾಲಿನಲ್ಲಿ ಮೊಕದ್ದಮೆಯ ತಿರುಳೇ ಕಂಡಿತು. ತಪ್ಪು ಕೈಯದೋ, ಯಂತ್ರದ್ದೋ? ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ವಸ್ತುವಿನ ಗುಣಮಟ್ಟದಲ್ಲಿರುವ ಯಾವುದೇ ಕೊರತೆಯನ್ನು 'ದೋಷ' ಎನ್ನುತ್ತದೆ. ಕಾನೂನು ಬಯಸುವ ಮಟ್ಟ, ಒಪ್ಪಂದದಂತೆ ಇರಬೇಕಾದ ಮಟ್ಟ, ಮಾರುವವರು ತಾವೇ ಹೇಳಿಕೊಂಡ ಮಟ್ಟ, ಇವುಗಳಲ್ಲಿ ಯಾವುದಕ್ಕೆ ಕಡಿಮೆ ಬಿದ್ದರೂ ದೋಷವೇ. ಆದರೆ ದೋಷವಿದೆ ಎಂದು ತೋರಿಸಿಕೊಡುವ ಹೊಣೆ ಮೊದಲಿಗೆ ದೂರು ಕೊಟ್ಟವರದು. ಹಾಗಾಗಿ ದಾರ ಯಾಕೆ ಸಿಕ್ಕಾಗುತ್ತದೆ ಎಂಬುದನ್ನು ತಿಳಿದುಕೊಂಡು, ಒಂದೊಂದೇ ಕಾರಣವನ್ನು ಪರೀಕ್ಷಿಸಿ, ಅದನ್ನು ಬರೆದಿಟ್ಟವರ ದೂರಿಗೆ ಗ್ರಾಹಕರ ಆಯೋಗದಲ್ಲಿ ಬಲ ಹೆಚ್ಚು.

ಪರೀಕ್ಷೆಯ ವಿಚಾರ ಮೊದಲು ಹೇಳುತ್ತೇನೆ. ಗಂಟು ಬಟ್ಟೆಯ ಅಡಿಯಲ್ಲಿ ಕಟ್ಟಿಕೊಂಡರೆ ಎಲ್ಲರೂ ಬೈಯುವುದು ಬಾಬಿನ್ ಅನ್ನು. ಬಹುತೇಕ ಸಲ ತಪ್ಪು ಮೇಲಿನ ದಾರದ್ದು. ಕೆಳಗಿನ ಹುಕ್ ಮೇಲಿನ ದಾರವನ್ನು ಎಳೆದುಕೊಂಡು ಬಾಬಿನ್ ಸುತ್ತ ತಿರುಗಿಸುತ್ತದೆ. ಮೇಲೆ ಕೆಳಗೆ ಆಡುವ ಕೊಕ್ಕೆ (ಟೇಕ್-ಅಪ್ ಲಿವರ್) ಆ ದಾರವನ್ನು ವಾಪಸ್ ಎಳೆಯಬೇಕು. ಟೆನ್ಷನ್ ಬಿಲ್ಲೆಗಳ ನಡುವೆ ದಾರ ಕೂತಿಲ್ಲದಿದ್ದರೆ, ಇಲ್ಲವೇ ಕೊಕ್ಕೆಯ ಕಣ್ಣಿಗೆ ದಾರ ಸಿಕ್ಕಿಲ್ಲದಿದ್ದರೆ, ಇಳಿದ ದಾರ ಇಳಿದಲ್ಲೇ ಗುಪ್ಪೆಯಾಗುತ್ತದೆ. ಬಟ್ಟೆ ಒತ್ತುವ ಕಾಲನ್ನು, ಅಂದರೆ ಫೂಟನ್ನು, ಎತ್ತಿದಾಗ ಮಾತ್ರ ಆ ಬಿಲ್ಲೆಗಳು ತೆರೆಯುತ್ತವೆ. ಫೂಟ್ ಇಳಿಸಿಯೇ ದಾರ ಹಾಕಿದರೆ ಅದು ಬಿಲ್ಲೆಗಳ ಹೊರಗೇ ಉಳಿಯುತ್ತದೆ. ಪರೀಕ್ಷೆಗೆ ಅರ್ಧ ನಿಮಿಷ ಸಾಕು: ಫೂಟ್ ಎತ್ತಿ ದಾರ ಹಾಕಿ, ಆಮೇಲೆ ಇಳಿಸಿ, ಸೂಜಿಯ ಹತ್ತಿರ ದಾರ ಎಳೆದು ನೋಡಿ. ಬಿಗಿಯಾಗಿ ಬಂದರೆ ದಾರ ಸರಿಯಾಗಿ ಕೂತಿದೆ. ಸರಕ್ಕನೆ ಬಂದರೆ ಮತ್ತೆ ಹಾಕಿ.

ಮೇಲಿನ ದಾರ ಸರಿಯಿದ್ದರೆ ಸೂಜಿಯತ್ತ ಬನ್ನಿ. ಬಾಗಿದ, ಮೊಂಡಾದ ಸೂಜಿ ಹೊಲಿಗೆ ಬಿಡಿಸುತ್ತದೆ, ದಾರ ಹರಿಯುತ್ತದೆ. ಮನೆ ಮಾದರಿಯ ಹೆಚ್ಚಿನ ಕಸೂತಿ ಯಂತ್ರಗಳಲ್ಲಿ ಸೂಜಿಯ ಚಪ್ಪಟೆ ಬದಿ ಹಿಂದಕ್ಕಿರಬೇಕು. ಕಸೂತಿಗೆ ಸಾಮಾನ್ಯವಾಗಿ ಹಾಕುವುದು 75/11 ನಂಬರ್ ಸೂಜಿ, ಮೇಲೆ 40 ನಂಬರ್ ಕಸೂತಿ ದಾರ, ಬಾಬಿನ್‌ಗೆ ಅದಕ್ಕಿಂತ ತೆಳುವಾದ 60 ಅಥವಾ 90 ನಂಬರ್ ದಾರ. ಬಾಬಿನ್ ಕಂಪನಿ ಹೇಳಿದ ಅಳತೆಯದೇ ಆಗಿರಲಿ, ಕೈಪಿಡಿಯಲ್ಲಿ ತೋರಿಸಿದ ದಿಕ್ಕಿಗೇ ತಿರುಗಲಿ. ಬಾಬಿನ್ ಕೂರುವ ಜಾಗದ ನವಿರು ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಬಟ್ಟೆಯ ಅಡಿಗೆ ಕ್ಯಾನ್ವಾಸ್ ಅಥವಾ ಪೇಪರ್ ಇಟ್ಟು ಫ್ರೇಮಿಗೆ ಬಿಗಿಯಾಗಿ ಕೂರಿಸಿ.

ಈಗ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ ಹತ್ತಿ ಬಟ್ಟೆಯ ಮೇಲೆ ಸಾಮಾನ್ಯ ಹೊಲಿಗೆ ಹಾಕಿ. ಅಡಿಯಲ್ಲಿ ಕೆಂಪು ಕುಣಿಕೆಗಳು ಕಂಡರೆ ಮೇಲಿನ ಟೆನ್ಷನ್ ಸಡಿಲ. ಮೇಲೆ ಬಿಳಿ ಇಣುಕಿದರೆ ಮೇಲಿನದು ಬಿಗಿ, ಇಲ್ಲವೇ ಬಾಬಿನ್ ಸಡಿಲ. ಇಷ್ಟೆಲ್ಲ ಸರಿಪಡಿಸಿದ ಮೇಲೂ ಗಂಟಾಗುತ್ತಿದ್ದರೆ ಅನುಮಾನ ಯಂತ್ರದ ಕಡೆ ತಿರುಗಬೇಕು. ಸೂಜಿ ಪೂರ್ತಿ ಇಳಿದು ಸುಮಾರು ಎರಡು ಮಿಲಿಮೀಟರ್ ಮೇಲೇಳುವಾಗ ಹುಕ್ಕಿನ ತುದಿ ಬಂದು ದಾರದ ಕುಣಿಕೆಯನ್ನು ಹಿಡಿಯಬೇಕು. ಮೆಕ್ಯಾನಿಕ್‌ಗಳು ಇದನ್ನೇ 'ಟೈಮಿಂಗ್' ಎನ್ನುವುದು. ಅದು ತಪ್ಪಿದರೆ, ಅಥವಾ ಹುಕ್ಕಿನ ಮೇಲೋ ಸೂಜಿ ಇಳಿಯುವ ತಟ್ಟೆಯ ತೂತಿನ ಅಂಚಿನಲ್ಲೋ ಗೀರು ಇದ್ದರೆ, ಎಂಥ ಅನುಭವಿಯ ಕೈಯೂ ಏನೂ ಮಾಡಲಾಗದು. ಇಲ್ಲಿಗೆ ನಿಲ್ಲಿಸಿ. ಸ್ಕ್ರೂ ಬಿಚ್ಚಬೇಡಿ, ಪಕ್ಕದ ಬೀದಿಯ ಮೆಕ್ಯಾನಿಕ್‌ನಿಂದ ವಾರಂಟಿ ಅವಧಿಯಲ್ಲಿ ಯಂತ್ರ ತೆರೆಸಬೇಡಿ. "ನೀವೇ ಬಿಚ್ಚಿ ಹಾಳುಮಾಡಿದಿರಿ" ಎಂಬ ವಾದಕ್ಕೆ ಅವಕಾಶ ಕೊಟ್ಟಂತಾಗುತ್ತದೆ.

ಮಾಡಿದ್ದನ್ನೆಲ್ಲ ದಿನಾಂಕದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಾರ ಹಾಕುವುದರಿಂದ ಹಿಡಿದು ಗಂಟಾಗುವವರೆಗೆ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೊ ತೆಗೆಯಿರಿ. ಆ ಮೂಲ ವಿಡಿಯೊ ಇರುವ ಫೋನನ್ನು ಜೋಪಾನ ಮಾಡಿ; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಲಗತ್ತಿಸಿದರೆ ತಕರಾರಿಗೆ ಆಸ್ಪದ ಕಡಿಮೆ. ಗಂಟಾದ ಬಟ್ಟೆಯನ್ನು ಹಾಗೇ ಕವರಿಗೆ ಹಾಕಿ ದಿನಾಂಕ ಬರೆಯಿರಿ. ಸರ್ವಿಸ್‌ನವರು ಬಂದಾಗಲೆಲ್ಲ ಜಾಬ್ ಶೀಟ್ ಕೇಳಿ ಪಡೆಯಿರಿ. "ಚೆಕ್ ಮಾಡಲಾಗಿದೆ, ಸರಿಯಿದೆ" ಎಂದಷ್ಟೇ ಬರೆದಿದ್ದರೆ ಸಹಿ ಹಾಕುವ ಮೊದಲು "ನನ್ನ ಎದುರೇ ಮತ್ತೆ ದಾರ ಸಿಕ್ಕಾಯಿತು" ಎಂದು ನಿಮ್ಮ ಕೈಯಲ್ಲೇ ಸೇರಿಸಿ. ನಾಲ್ಕು ಸಲ ಬಂದು ಹೋದ ನಾಲ್ಕು ಶೀಟುಗಳು ಒಟ್ಟಿಗೆ ಇದ್ದರೆ ಅವೇ ಮಾತಾಡುತ್ತವೆ.

ಕೆಲವು ಕಂಪ್ಯೂಟರ್ ಮಾದರಿಗಳ ಪರದೆಯಲ್ಲಿ ಯಂತ್ರ ಇದುವರೆಗೆ ಹಾಕಿದ ಒಟ್ಟು ಹೊಲಿಗೆಗಳ ಲೆಕ್ಕ ಕಾಣುತ್ತದೆ. ಡಬ್ಬ ಬಿಚ್ಚಿದ ದಿನವೇ ಅದರ ಫೋಟೊ ತೆಗೆಯಿರಿ. ಬಳಸಿದ ಅಥವಾ ರಿಪೇರಿ ಮಾಡಿದ ಯಂತ್ರವನ್ನು ಹೊಸದೆಂದು ಮಾರುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಪಡೆಯದಿರುವುದು, ಅವಧಿ ನಮೂದಿಸಿಲ್ಲವಾದರೆ 30 ದಿನದೊಳಗೆ ಪಡೆಯದಿರುವುದು ಕೂಡ ಅದೇ. ಆದ್ದರಿಂದ ಮೊದಲ ತಿಂಗಳು ಬಹಳ ಮುಖ್ಯ. "ಸ್ವಲ್ಪ ದಿನ ಓಡಿಸಿ, ಸೆಟ್ ಆಗುತ್ತೆ" ಎಂದರೆ ಸುಮ್ಮನಿರದೆ, ಅಂದೇ ಲಿಖಿತವಾಗಿ ದೂರು ಕೊಡಿ. ವಾಟ್ಸಾಪ್ ಸಂದೇಶವಾದರೂ ಇರಲಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳಂತೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರಿಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಮನೆಯಲ್ಲಿ ಹೊಲಿಯುವ ಹೆಣ್ಣುಮಕ್ಕಳನ್ನು ಅತಿ ಹೆಚ್ಚು ಹೆದರಿಸುವ ಮಾತು ಇನ್ನೊಂದಿದೆ: "ನೀವು ದುಡ್ಡಿಗೆ ಹೊಲಿಯುತ್ತೀರಿ, ಇದು ವ್ಯಾಪಾರ, ನೀವು ಗ್ರಾಹಕರೇ ಅಲ್ಲ." ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುವುದು ನಿಜ. ಆದರೆ ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲೆಂದೇ ಕೊಂಡು ಬಳಸುವುದು ವಾಣಿಜ್ಯ ಉದ್ದೇಶವಲ್ಲ ಎಂದು 2(7)ನೇ ಕಲಮಿನ ವಿವರಣೆಯೇ ಹೇಳುತ್ತದೆ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಉದಾಹರಣೆ ಕೊಟ್ಟು ಬಿಡಿಸಿ ಹೇಳಿತು: ತಾನೇ ಓಡಿಸಿ ಬದುಕಲು ಆಟೊ ಕೊಂಡವರು, ತಾನೇ ನಡೆಸಲು ಲೇತ್ ಯಂತ್ರ ಕೊಂಡವರು ಗ್ರಾಹಕರೇ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಬೇರೆಯವರೇ ಪೂರ್ತಿಯಾಗಿ ನಡೆಸಲೆಂದು ಕೊಂಡರೆ ಹೋಗುತ್ತದೆ. ಆದ್ದರಿಂದ ದೂರಿನ ಮೊದಲ ಪುಟದಲ್ಲೇ ಬರೆಯಿರಿ: ಈ ಯಂತ್ರವನ್ನು ನಾನೇ ನಡೆಸುತ್ತೇನೆ, ಇದರಿಂದಲೇ ನನ್ನ ಜೀವನ. ಈ ಒಂದು ವಾಕ್ಯ ಇಲ್ಲದೆ ನ್ಯಾಯವಾದ ದೂರುಗಳೂ ಬಿದ್ದುಹೋಗುತ್ತವೆ. ಅಣ್ಣನೋ ಗಂಡನೋ ಕೊಡಿಸಿದ ಯಂತ್ರವಾದರೂ ಚಿಂತೆಯಿಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರ ವ್ಯಾಖ್ಯೆಯಲ್ಲಿ ಸೇರುತ್ತಾರೆ.

ಆದರೆ ವಾರಂಟಿ ಕಾರ್ಡನ್ನು ಕೊಳ್ಳುವ ಮೊದಲೇ ಓದಿ. ಮನೆ ಬಳಕೆಗೆ ಮಾತ್ರ ವಾರಂಟಿ ಎಂದು ಬರೆದಿರುವ ಯಂತ್ರಗಳಿವೆ. ಊರವರ ಬಟ್ಟೆ ಹೊಲಿಯುತ್ತೇನೆ ಎಂದು ಅಂಗಡಿಯವರಿಗೆ ಹೇಳಿ, "ಅದಕ್ಕೂ ಆಗುತ್ತೆ" ಎಂದು ಅವರಿಂದ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಅಲ್ಲಿ ಕೊಳ್ಳಬೇಡಿ.

ಮಾತಿನಲ್ಲಿ ಬಗೆಹರಿಯದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕಂಪನಿಗೆ ದೂರು ತಲುಪಿಸಿ ಉತ್ತರ ಕೇಳುತ್ತದೆ, ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಜೊತೆಗೆ ಅಂಗಡಿ, ತಯಾರಕರು ಅಥವಾ ಆಮದುದಾರರು ಎಲ್ಲರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳುಹಿಸಿ. ವಿಳಾಸ ಡಬ್ಬದ ಮೇಲೆಯೇ ಇರುತ್ತದೆ. ಅದಕ್ಕೇ ಡಬ್ಬವನ್ನು ಗುಜರಿಗೆ ಹಾಕಬಾರದು.

ಆಮೇಲಿನ ಬಾಗಿಲು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ದೂರು ಇಲ್ಲಿಗೇ ಬರುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಯಂತ್ರವನ್ನು ಬೆಂಗಳೂರಿನಲ್ಲಿ ಕೊಂಡು ನೀವು ಹಾವೇರಿಯಲ್ಲಿ ವಾಸವಿದ್ದರೆ ಹಾವೇರಿಯಲ್ಲೇ ದೂರು ಕೊಡಬಹುದು. ಹಳೆಯ 1986ರ ಕಾಯ್ದೆಯಲ್ಲಿ ಇಲ್ಲದ ಈ ಅನುಕೂಲ ನನ್ನ ಮಟ್ಟಿಗೆ ಹೊಸ ಕಾಯ್ದೆಯ ದೊಡ್ಡ ಉಪಕಾರ. ತೊಂದರೆ ಕಾಣಿಸಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ವಕೀಲರು ಬೇಕೇಬೇಕೆಂದಿಲ್ಲ, ಬೇಕೆನಿಸಿದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100, ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿ.

ಎದುರುದಾರರು 30 ದಿನದೊಳಗೆ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ 15 ದಿನ ಹೆಚ್ಚುವರಿ ಕೊಡಬಹುದು. ವಿಚಾರಣೆ ನಡೆಯುವುದು ಅಫಿಡವಿಟ್ ಮತ್ತು ದಾಖಲೆಗಳ ಮೇಲೆ. ನಿಮ್ಮ ನೋಟ್‌ಬುಕ್ಕೂ ಜಾಬ್ ಶೀಟುಗಳೂ ಇಲ್ಲೇ ಕೆಲಸಕ್ಕೆ ಬರುವುದು. ಪರೀಕ್ಷೆ ಮಾಡದೆ ದೋಷ ಗೊತ್ತಾಗುವಂತಿಲ್ಲ ಎನಿಸಿದರೆ ಆಯೋಗ ಪರೀಕ್ಷೆಗೆ ಕಳುಹಿಸಬಹುದು. ಆ ವರದಿ ಸಾಮಾನ್ಯವಾಗಿ 45 ದಿನದೊಳಗೆ ಬರಬೇಕು. ಬೇಕೆಂದರೆ ನೀವೇ ಅರ್ಜಿ ಹಾಕಿ ಕೇಳಿ. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು 5 ತಿಂಗಳಲ್ಲಿ ತೀರ್ಮಾನವಾಗಬೇಕೆಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವುದುಂಟು, ಅಷ್ಟಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ.

ಗೆದ್ದರೆ 39ನೇ ಕಲಮಿನಂತೆ ದೋಷ ಸರಿಪಡಿಸಲು, ಹೊಸ ಯಂತ್ರ ಕೊಡಲು, ಹಣ ವಾಪಸ್ ಮಾಡಲು, ನಷ್ಟಕ್ಕೆ ಪರಿಹಾರ ಕೊಡಲು ಆಯೋಗ ಆದೇಶಿಸಬಹುದು. ಕೈತಪ್ಪಿದ ಆರ್ಡರುಗಳ ಲೆಕ್ಕವನ್ನೂ, ಹಾಳಾದ ಬಟ್ಟೆಗೆ ನೀವು ಕಟ್ಟಿಕೊಟ್ಟ ಹಣದ ರಸೀದಿಯನ್ನೂ ಲಗತ್ತಿಸಿ. 'ಉತ್ಪನ್ನ ಹೊಣೆಗಾರಿಕೆ' ಎಂಬ ಅಧ್ಯಾಯವೂ ಕಾಯ್ದೆಯಲ್ಲಿದೆ. ದಾರ ಸಿಕ್ಕಾಗಿ ಯಂತ್ರ ನಿಂತದ್ದಕ್ಕೆ ಅದು ಅನ್ವಯಿಸದು. ದೋಷದಿಂದ ಸೂಜಿ ಮುರಿದು ಕಣ್ಣಿಗೋ ಬೆರಳಿಗೋ ಬಡಿದರೆ ಅನ್ವಯಿಸುತ್ತದೆ. ಆಯೋಗದ ಆದೇಶ ಪಾಲಿಸದವರಿಗೆ 72ನೇ ಕಲಮು ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ.

ಅತ್ತಿಗೆಯ ವಿಷಯ ಆಯೋಗದವರೆಗೆ ಹೋಗಲಿಲ್ಲ. ನೋಟಿಸಿನ ಜೊತೆ ಅವರ ನೋಟ್‌ಬುಕ್ಕಿನ ಆರು ಪುಟಗಳ ಜೆರಾಕ್ಸ್ ಇಟ್ಟಿದ್ದೆವು. ಎರಡನೆಯ ವಾರ ಹಿರಿಯ ಮೆಕ್ಯಾನಿಕ್ ಒಬ್ಬರು ಮನೆಗೇ ಬಂದು ತೆರೆದು ನೋಡಿ, ಟೈಮಿಂಗ್ ತಪ್ಪಿದೆ ಎಂದು ಜಾಬ್ ಶೀಟಿನಲ್ಲಿ ಬರೆದುಕೊಟ್ಟರು. ಹುಕ್ ಬದಲಾಯಿತು, ರೇಷ್ಮೆಯ ಬೆಲೆಯೂ ಬಂತು. ತೂತು ಬಿದ್ದ ಆ ತೋಳಿನ ತುಂಡು, ಅಡಿಯ ಗಂಟಿನ ಸಮೇತ, ಈಗಲೂ ಬಿಲ್ಲಿನ ಜೊತೆ ಕವರಿನಲ್ಲಿದೆ. ಎರಡು ವರ್ಷದ ಗಡುವು ಮುಗಿಯುವವರೆಗೆ ಅದನ್ನು ತೆಗೆಯಬೇಡಿ ಎಂದು ಅವರಿಗೆ ಹೇಳಿದ್ದೇನೆ.